ಚಂದಲೆಯ ಓಡುವ ಓಲೆಗಳು

ಒಂದಾನೊಂದು ಕಾಲದಲ್ಲಿ, ಗೋಡೆಗಳಿಗೆ ಕಿವಿಯಷ್ಟೇ ಅಲ್ಲ, ಮೈತುಂಬ ಚಿತ್ರಗಳೂ ಇದ್ದ ಕಾಲದಲ್ಲಿ, ಬಣ್ಣದೂರು ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಗೂ ಚಿತ್ರ, ಅಡುಗೆಮನೆಗೂ ಚಿತ್ರ, ದನದ ಕೊಟ್ಟಿಗೆಗೂ ಚಿತ್ರ. ಮಗು ಹುಟ್ಟಿದರೆ ತೊಟ್ಟಿಲಿಗೆ ಹಾಕುವ ಮೊದಲೇ ಚಿತ್ರ ಬರೆಸಿಬಿಡುತ್ತಿದ್ದರು. ಅಂಥ ರಾಜ್ಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುವವಳು ಚಂದಲೆ ಎಂಬ ಹುಡುಗಿ. ಅವಳಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ಇದ್ದವಳು ಒಬ್ಬಳೇ ತಂಗಿ, ಚಿಗರಿ. ಹೆಸರಿಗೆ ತಕ್ಕ ಹಾಗೆ ಜಿಂಕೆಯಂಥವಳು, ಒಂದು ಕಡೆ ನಿಂತರೆ ಕೇಳಿ.

ಬಣ್ಣದೂರಿನ ಚಿತ್ರಗಾರರಿಗೆ ಒಂದು ಕಟ್ಟಳೆಯಿತ್ತು. ಮೊದಲು ಅಂಗೈಯಗಲದ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ ನೋಡಬೇಕು. ಸರಿ ಬಂದದ್ದು ಮಾತ್ರ ಗೋಡೆಗೆ. ಗೋಡೆಯ ಮೇಲೆ ಎಲ್ಲ ಬರೆದು ಮುಗಿದ ಮೇಲೆ ಕೊನೆಗೆ ಕಣ್ಣು ತೆರೆಸಬೇಕು. ತೆರೆಸಿದ ಕಣ್ಣು ತೆರೆದೇ ಇರಬೇಕು. ಮುಚ್ಚಿದ ಕಣ್ಣನ್ನು ಬರೆಯುವುದು ಸತ್ತವರಿಗೆ ಮಾತ್ರ. ಚಂದಲೆ ಅಂಥ ಕಣ್ಣು ಬರೆದದ್ದು ಒಂದೇ ಒಂದು ಸಲ, ಅಮ್ಮ ಹೋದಾಗ. ಆಮೇಲೆ ಒಂದು ವಾರ ಕಂಟ ಮುಟ್ಟಿರಲಿಲ್ಲ.

ಒಂದು ದಿನ ಬೆಳಿಗ್ಗೆ ಚಂದಲೆ ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಚಿತ್ರಕ್ಕೆ ಕೈ ಹಾಕಿದಳು. ಚಿಗರಿ ಮೂಗು ತುರಿಸಿಕೊಂಡಳು. ಒಂದು ಓಲೆ ಹಾಳಾಯಿತು. ಕಿಟಕಿಯಲ್ಲಿ ಕಾಗೆ ನೋಡಿದಳು. ಇನ್ನೊಂದು ಓಲೆ ಹಾಳಾಯಿತು.

"ಅಲ್ಲಾಡಬೇಡ ಕಣೇ!"

"ನಾನೆಲ್ಲಿ ಅಲ್ಲಾಡಿದೆ? ಕಾಲು ಅಲ್ಲಾಡಿತು."

"ಕಣ್ಣು ಮಿಟುಕಿಸಬೇಡ ಅಂದೆನಲ್ಲ!"

"ಅಕ್ಕಾ, ಇನ್ನೂ ಎಷ್ಟು ಹೊತ್ತು ಕೂತಿರಬೇಕು?"

ಹಾಳಾದ ಓಲೆಗಳಿಂದ ಬುಟ್ಟಿ ತುಂಬುತ್ತಾ ಬಂತು. ಚಂದಲೆಗೆ ತಲೆ ಕೆಟ್ಟುಹೋಯಿತು. "ನಿನ್ನನ್ನು ಯಾರಾದರೂ ಒಂದು ಸಲ ಕದಲದ ಹಾಗೆ ಕೂರಿಸಲಿ, ಅವರು ಕೇಳಿದ್ದು ಕೊಡುತ್ತೇನೆ!" ಎಂದು ಕಿರುಚಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಿಟಕಿಯಾಚೆ ಬಣ್ಣ ಮಾರುವವನೊಬ್ಬ ನಿಂತಿದ್ದ. ಅವನು ಬಣ್ಣ ಮಾರುವವನಲ್ಲ, ಸ್ತಬ್ಧಾಕ್ಷನೆಂಬ ಮಾಯಾವಿ. ಹುಟ್ಟಿದಾಗಿನಿಂದ ರೆಪ್ಪೆ ಬಡಿದವನಲ್ಲ. ಅವನು ಚಿಗರಿಯನ್ನು ಎವೆಯಿಕ್ಕದೆ ನೋಡಿದ. ಅಷ್ಟೇ. ಚಿಗರಿ ಕೂತಲ್ಲಿಂದ ಹಿಂದಕ್ಕೆ ಸರಿದು ಗೋಡೆಗೆ ಅಂಟಿ ಚಿತ್ರವಾಗಿಬಿಟ್ಟಳು. ಮಾಯಾವಿ ಒಳಗೆ ಬಂದ. ಆ ಗೋಡೆಯನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಕದಲದ ಹಾಗೆ ಕೂರಿಸಿದ್ದೇನೆ. ಕೇಳಿದ್ದು ಕೊಡುತ್ತೇನೆ ಅಂದೆಯಲ್ಲ, ಇವಳನ್ನೇ ಕೊಡು," ಎಂದವನೇ ಗಾಳಿಯಲ್ಲಿ ಮಾಯವಾದ.

ಚಂದಲೆ ಗೋಡೆಯಿಲ್ಲದ ಮನೆಯಲ್ಲಿ ಕೂತು ಅತ್ತಳು. ಅಳುತ್ತಾ ಬುಟ್ಟಿಯಲ್ಲಿದ್ದ ಹಾಳಾದ ಓಲೆಗಳನ್ನು ಎತ್ತಿ ಎದೆಗವಚಿಕೊಂಡಳು. ಅವುಗಳ ತುದಿಗಳು ಅವಳ ಹೆಬ್ಬೆರಳಿಗೆ ಸಿಕ್ಕಿ ಒಂದೊಂದಾಗಿ ಜಾರಿದವು. ಪರ್ರ್!

ಚಂದಲೆಯ ಅಳು ನಿಂತಿತು. ಓಲೆಗಳ ಒಳಗೆ ಚಿಗರಿ ಮೂಗು ತುರಿಸಿಕೊಂಡಿದ್ದಳು!

ಮತ್ತೆ ಹೆಬ್ಬೆರಳು ಸರಿಸಿದಳು. ಪರ್ರ್! ತಂಗಿಯ ಕೈ ಮೇಲೇರಿತು, ಮೂಗಿಗೆ ಹೋಯಿತು, ಇಳಿಯಿತು. ಒಂದೊಂದು ಓಲೆಯನ್ನೂ ಬಿಡಿಬಿಡಿಯಾಗಿ ನೋಡಿದಳು. ಒಂದರಲ್ಲೂ ಯಾರೂ ಕದಲುತ್ತಿರಲಿಲ್ಲ. ಹಾಗಾದರೆ ಆ ಚಲನೆ ಇದ್ದದ್ದಾದರೂ ಎಲ್ಲಿ?

"ಓಲೆಗೂ ಓಲೆಗೂ ನಡುವೆ," ಎಂದಿತು ಒಂದು ದನಿ. ಮೂಲೆಯಲ್ಲಿ ಬಾಲ ತುಂಡಾದ ಮುದಿ ಹಲ್ಲಿಯೊಂದು ಕೂತಿತ್ತು. "ಲೊಚ್ ಲೊಚ್. ನಾನು ಲೊಚಗುಟ್ಟಿದರೆ ನಿಜ ಅಂತ ತಿಳಿ. ಆ ಪಾಪಿ ಗೋಡೆ ಸುತ್ತುವಾಗ ನನ್ನ ಬಾಲ ಒಳಗೆ ಸಿಕ್ಕಿ ಮುರೀತು. ನಿನ್ನ ತಂಗಿ ಹೋದಳು, ನನ್ನ ಬಾಲ ಹೋಯಿತು. ಬಾ, ಇಬ್ಬರೂ ಹೋಗೋಣ."

"ಹಲ್ಲಜ್ಜೀ, ಹೋಗಿ ಏನು ಮಾಡುವುದು?"

"ಅವನು ದಿಟ್ಟಿಸಿ ನಿಲ್ಲಿಸಿದ ಜೀವ ತನ್ನದೇ ಚಿತ್ರ ಓಡುವುದನ್ನು ಕಂಡರೆ ತಾನೂ ಕದಲುತ್ತದೆ ಕಣೇ. ಆದರೆ ಚಿತ್ರ ಹೇಗೆ ಓಡುತ್ತದೋ ಹಾಗೇ ಕದಲುತ್ತದೆ. ಸರಿಯಾಗಿ ಓಡಿಸಿದರೆ ಬಿಡುಗಡೆ. ತಪ್ಪಿದರೆ ಇದ್ದಲ್ಲಿಗೇ ಬಂದು ಬೀಳುತ್ತದೆ. ಸುಮ್ಮನೆ ಚೆನ್ನಾಗಿ ಬರೆದರೆ ಸಾಲದು. ಓಡಿಸುವುದನ್ನು ಕಲಿಯಬೇಕು."

ಚಂದಲೆ ಕಂಟವನ್ನೂ ಬರಿಯ ಓಲೆಗಳನ್ನೂ ಚೀಲಕ್ಕೆ ತುಂಬಿದಳು. ಹಲ್ಲಜ್ಜಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟಳು.

ಕಾಡು ದಾಟಿದರು, ಮೇಡು ದಾಟಿದರು, ಮಾಯಾವಿಯ ಕಲ್ಲುಕೋಟೆಗೆ ಬಂದರು. ಮೊದಲ ಬಾಗಿಲಲ್ಲಿ ಮನೆಯಷ್ಟು ದೊಡ್ಡ ಕಪ್ಪೆ ಬಿರಡೆಯ ಹಾಗೆ ಸಿಕ್ಕಿಕೊಂಡು ಕೂತಿತ್ತು. ಬಾಯಿ ಕದಲಲಿಲ್ಲ, ಆದರೂ ಹೊಟ್ಟೆಯೊಳಗಿಂದ ದನಿ ಬಂತು. "ಅಮ್ಮಣ್ಣೀ, ನಾನು ನೆಗೆದು ಎಷ್ಟು ಕಾಲವಾಯಿತೋ. ನೆಗೆಸು, ದಾರಿ ಬಿಡುತ್ತೇನೆ."

ಅದೇನು ಮಹಾ ಎಂದುಕೊಂಡಳು ಚಂದಲೆ. ಇಲ್ಲಿ ಕೂತ ಕಪ್ಪೆ, ಗಾಳಿಯಲ್ಲಿ ಕಪ್ಪೆ, ಅಲ್ಲಿ ಕೂತ ಕಪ್ಪೆ. ಮೈಮೇಲಿನ ಮಚ್ಚೆಯನ್ನೂ ಬಿಡದೆ ಅಂದವಾಗಿ ಬರೆದಳು, ಜೋಡಿಸಿದಳು, ಹೆಬ್ಬೆರಳು ಸರಿಸಿದಳು. ಪರ್ರ್!

ಕಪ್ಪೆ ಕೂತ ಭಂಗಿಯಲ್ಲೇ ಒರಳುಕಲ್ಲಿನ ಹಾಗೆ ಎದ್ದು ತೇಲಿ ಮತ್ತೆ ಇದ್ದಲ್ಲಿಗೇ ದೊಪ್ಪನೆ ಬಿತ್ತು. "ಅಯ್ಯೋ ನನ್ನ ಸೊಂಟ! ಇದನ್ನು ನೆಗೆತ ಅಂತಾರೇನೇ?"

ಚಂದಲೆಗೆ ಸಿಟ್ಟು ಬರಬೇಕಿತ್ತು, ಕುತೂಹಲ ಬಂತು. ಕೋಟೆಯ ಕಂದಕದಲ್ಲಿ ಸಣ್ಣ ಕಪ್ಪೆಗಳಿದ್ದವು. ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಇಷ್ಟು ವರ್ಷ ಕಪ್ಪೆ ಬರೆದಿದ್ದಳು, ಕಪ್ಪೆ ನೆಗೆಯುವುದನ್ನು ನೋಡಿಯೇ ಇರಲಿಲ್ಲ.

"ಅಜ್ಜೀ, ಮುಂದೆ ಹಾರಬೇಕಾದ್ದು ಮೊದಲು ಹಿಂದಕ್ಕೆ ಕುಗ್ಗುತ್ತದಲ್ಲ!"

"ಲೊಚ್ ಲೊಚ್. ಯಾಕೆ ಹೇಳು?"

"ಬಲ ಕೂಡಿಸಿಕೊಳ್ಳಲು. ಅದು ಕುಗ್ಗಿದ್ದು ನೋಡಿದರೆ ಈಗ ಹಾರುತ್ತೆ ಅಂತ ನನಗೂ ಗೊತ್ತಾಗುತ್ತೆ. ಗಾಳಿಯಲ್ಲಿ ಉದ್ದ ಆಗುತ್ತೆ. ಬಿದ್ದಾಗ ಚಪ್ಪಟೆ ಆಗುತ್ತೆ."

ಹಾಗೇ ಬರೆದಳು, ಜೋಡಿಸಿದಳು, ಹೆಬ್ಬೆರಳು ಸರಿಸಿದಳು. ಪರ್ರ್! ಈ ಸಲ ಕಪ್ಪೆ ಕುಗ್ಗಿತು, ನೆಗೆಯಿತು, ಗಾಳಿಯಲ್ಲಿ ಉದ್ದವಾಗುತ್ತಾ ಆಗುತ್ತಾ ಹೆಬ್ಬಾವಿನಷ್ಟಾಯಿತು, ಬಿದ್ದಾಗ ಅಂಗಳದಷ್ಟು ಅಗಲವಾಯಿತು. "ನಾನು ಇಷ್ಟು ದಪ್ಪ ಇರಲಿಲ್ಲ ಕಣೇ!" ಎಂದು ಅಳುತ್ತಾ ಇದ್ದಲ್ಲಿಗೇ ಬಂತು.

ಚಂದಲೆ ಬುತ್ತಿಯಲ್ಲಿ ತಂದಿದ್ದ ಹಿಟ್ಟನ್ನು ಕಲಸಿ ರೊಟ್ಟಿ ತಟ್ಟಲು ಕೂತಳು. ಹಸಿವಾಗಿತ್ತು. ಉಂಡೆಯನ್ನು ತಟ್ಟಿದಷ್ಟೂ ಅಗಲವಾಯಿತು, ಆದರೆ ತೆಳ್ಳಗಾಯಿತು. ಎಳೆದರೆ ಉದ್ದವಾಯಿತು, ಆದರೆ ಸಪೂರವಾಯಿತು. ಹಿಟ್ಟು ಮಾತ್ರ ಅಷ್ಟೇ. "ಓಹೋ!" ಎಂದವಳು ರೊಟ್ಟಿ ಅಲ್ಲೇ ಬಿಟ್ಟು ಕಂಟ ಹಿಡಿದಳು. ಕಪ್ಪೆ ಉದ್ದವಾದಾಗ ಸಪೂರ ಮಾಡಿದಳು, ಅಗಲವಾದಾಗ ತೆಳ್ಳಗೆ ಮಾಡಿದಳು, ಕಪ್ಪೆಯೊಳಗಿನ ಕಪ್ಪೆಯನ್ನು ಮಾತ್ರ ಹೆಚ್ಚು ಕಡಿಮೆ ಮಾಡಲಿಲ್ಲ. ಬರೆದಳು, ಜೋಡಿಸಿದಳು, ಹೆಬ್ಬೆರಳು ಸರಿಸಿದಳು. ಪರ್ರ್! ಕಪ್ಪೆ ಒಂದೇ ನೆಗೆತಕ್ಕೆ ಕಂದಕದೊಳಗೆ ಧುಡುಮ್ಮನೆ ಬಿತ್ತು. ದಾರಿ ಬಿಟ್ಟಿತು. ರೊಟ್ಟಿ ಹಸಿಯಾಗಿಯೇ ಉಳಿಯಿತು.

ಮುಂದೆ ಒಂದು ಸೇತುವೆ. ಸೇತುವೆಯ ತುಂಬ ಒಂದು ಆನೆ, ಮುಂಗಾಲು ಎತ್ತಿದ್ದು ಎತ್ತಿದಂತೆಯೇ ನಿಂತಿತ್ತು. "ಈ ಕಾಲು ಊರಿಸಮ್ಮ, ಜೋಮು ಹಿಡಿದಿದೆ," ಎಂದಿತು.

ಚಂದಲೆ ಕಪ್ಪೆಗೆ ಬಳಸಿದಷ್ಟೇ ಓಲೆಗಳಲ್ಲಿ ಆನೆಯನ್ನು ನಡೆಸಿದಳು. ಆನೆ ಅರಳಿನ ಹಾಗೆ ಪುಟಪುಟನೆ ಹಾರಿ ನಾಚಿಕೊಂಡು ಇದ್ದಲ್ಲಿಗೇ ಬಂತು. ಭಾರದ ಪ್ರಾಣಿಗೆ ಹೊತ್ತು ಬೇಕು, ಹೊತ್ತಿಗೆ ಓಲೆ ಬೇಕು ಎಂದು ಅವಳಿಗೆ ಹೊಳೆಯಿತು. ಓಲೆಗಳನ್ನು ಹೆಚ್ಚಿಸಿದಳು. ರಂಗೋಲಿಯ ಚುಕ್ಕಿಗಳಂತೆ ಸಮ ಅಂತರದಲ್ಲಿ, ನೆಟ್ಟಗಿನ ಗೆರೆಯಲ್ಲಿ ಕಾಲು ಸರಿಸಿದಳು. ಚಿತ್ರಗಾರರ ಮನೆಯವಳಲ್ಲವೆ, ಅಳತೆ ತಪ್ಪಿದರೆ ಊಟ ಸೇರುವುದಿಲ್ಲ. ಈ ಸಲ ಆನೆ ಯಾರೋ ಹಗ್ಗ ಕಟ್ಟಿ ಎಳೆದ ಪೆಟ್ಟಿಗೆಯ ಹಾಗೆ ಜರುಗಿತು. ಮತ್ತೆ ಇದ್ದಲ್ಲಿಗೇ ಬಂತು.

ಚಂದಲೆ ಬೇಸತ್ತು ಚೀಲವನ್ನು ಮರದ ಕೊಂಬೆಗೆ ತಗುಲಿಹಾಕಿದಳು. ಚೀಲ ಅತ್ತಿಂದಿತ್ತ ತೂಗಿತು. ಹೆಗಲಿಂದ ಇಳಿದು ಅದರೊಳಗೆ ಮಲಗಿದ್ದ ಹಲ್ಲಜ್ಜಿ ಕೂಗಿಕೊಂಡಿತು. "ಲೇ ಹುಡುಗೀ, ಇಳಿಸೇ! ತುದಿಗೆ ಹೋದಾಗ ನಿದ್ದೆ ಬರುತ್ತೆ, ನಡುವೆ ಬಂದಾಗ ಹೊಟ್ಟೆ ತೊಳಸುತ್ತೆ!"

"ಏನಂದೆ? ತುದಿಯಲ್ಲಿ ನಿದ್ದೆಯೆ?"

"ಹೂಂ ಕಣೇ. ತುದಿಯಲ್ಲಿ ನಿಧಾನ, ನಡುವೆ ಜೋರು. ಇಳಿಸು!"

ಚಂದಲೆ ಇಳಿಸಲಿಲ್ಲ. ಪಾಪ, ಅಜ್ಜಿಯನ್ನು ಇನ್ನೂ ನಾಲ್ಕು ಸಲ ತೂಗಿ ನೋಡಿದಳು. ನಿಜ. ಹೊರಡುವಾಗ ಮೆಲ್ಲಗೆ, ನಡುವೆ ಬಿರುಸಾಗಿ, ನಿಲ್ಲುವಾಗ ಮತ್ತೆ ಮೆಲ್ಲಗೆ. ಅದೂ ನೆಟ್ಟಗೆ ಹೋಗುತ್ತಿಲ್ಲ, ಅರ್ಧ ಬಳೆಯ ಹಾಗೆ ಬಾಗಿ ಹೋಗುತ್ತಿದೆ. ತನ್ನ ಕೈ ಬೀಸಿ ನೋಡಿದಳು, ಕತ್ತು ಹೊರಳಿಸಿ ನೋಡಿದಳು. ಅಲ್ಲೂ ಹಾಗೇ! ಇಷ್ಟು ದಿನ ತನ್ನ ಮೈಯೊಳಗೇ ಇದ್ದದ್ದು ತನಗೇ ಗೊತ್ತಿರಲಿಲ್ಲವಲ್ಲ ಎಂದು ಖುಷಿಯಿಂದ ನಕ್ಕಳು.

ಮೊದಲಿನ ಓಲೆಗಳಲ್ಲಿ ಆನೆಯ ಕಾಲನ್ನು ಕೂದಲೆಳೆಯಷ್ಟು ಕದಲಿಸಿದಳು, ನಡುವಿನವುಗಳಲ್ಲಿ ದೂರ ದೂರ, ಕೊನೆಯವುಗಳಲ್ಲಿ ಮತ್ತೆ ಹತ್ತಿರ ಹತ್ತಿರ. ಕಾಲು ಊರುವಾಗ ಭುಜ ತಗ್ಗಿಸಿದಳು. ಬರೆದಳು, ಜೋಡಿಸಿದಳು, ಹೆಬ್ಬೆರಳು ಸರಿಸಿದಳು. ಪರ್ರ್! ಆನೆಯ ಕಾಲು ಬಾಗಿ ಬಂದು ಊರಿತು. ಸೇತುವೆ ಗಡಗಡ ನಡುಗಿತು. ಆನೆ ನಿಟ್ಟುಸಿರು ಬಿಟ್ಟು, "ಬದುಕಿಸಿದೆ ತಾಯಿ," ಎಂದು ಹೊರಟುಹೋಯಿತು.

ಸೇತುವೆಯಾಚೆಯ ಬಾಗಿಲ ಮೇಲೆ ಬಂಗಾರದ ನವಿಲು ಕೂತು, ತನ್ನ ಉದ್ದನೆಯ ಬಾಲವನ್ನು ಅಗುಳಿಯ ಹಾಗೆ ಬಾಗಿಲಿಗಡ್ಡ ಇಳಿಬಿಟ್ಟಿತ್ತು. ಈಗ ಚಂದಲೆ ಅವಸರಪಡಲಿಲ್ಲ. "ನವಿಲಣ್ಣಾ, ಇಲ್ಲಿಂದ ಎದ್ದರೆ ನೀನು ಎಲ್ಲಿಗೆ ಹೋಗುತ್ತೀ?" ಎಂದು ಕೇಳಿದಳು.

ಇದುವರೆಗೆ ನವಿಲನ್ನು ಯಾರೂ ಏನೂ ಕೇಳಿರಲಿಲ್ಲ. "ಅಗೋ ಆ ಕೊಳದ ಹತ್ತಿರ. ನನ್ನ ಮುಖ ನೋಡಿಕೊಳ್ಳಬೇಕು. ಚೆಂದ ಇದ್ದೇನೋ ಇಲ್ಲವೋ, ಮರೆತೇಹೋಗಿದೆ."

ಏನು ಬೇಕೆಂದು ಗೊತ್ತಾದ ಮೇಲೆ ಹೇಗೆ ನಡೆಯುತ್ತದೆಂದು ಗೊತ್ತಾಗಲು ಎಷ್ಟು ಹೊತ್ತು? ಮೊದಲು ಕಣ್ಣು ಕೊಳದತ್ತ ತಿರುಗುತ್ತದೆ, ಆಮೇಲೆ ಕತ್ತು, ಆಮೇಲೆ ಮೈ. ಇನ್ನು ಬಾಲ? ಚಂದಲೆ ಯೋಚಿಸಿದಳು. ಹಲ್ಲಜ್ಜಿ ತನ್ನ ಮೊಂಡು ಬಾಲ ಆಡಿಸಿತು. "ಬಾಲಕ್ಕೆ ಬುದ್ಧಿ ತಡ ಕಣೇ. ಅವತ್ತು ನಾನು ಓಡಿ ಮೂಲೆ ಸೇರಿ ಕೂತ ಮೇಲೂ ನನ್ನ ಬಾಲ ಅಲ್ಲೇ ಕುಣೀತಾ ಇತ್ತು."

ಅದನ್ನು ಕೇಳಿ ಚಂದಲೆ ನವಿಲು ನಿಂತ ಮೇಲೂ ಬಾಲವನ್ನು ಇನ್ನಷ್ಟು ಓಡಿಸಿದಳು. ಮೈ ಹೋದ ದಾರಿಯನ್ನು ಬಾಲ ಆಮೇಲೆ ಹಿಡಿಯಿತು, ಮೈ ನಿಂತ ಮೇಲೆ ತೂಗಾಡಿ ತಾನೂ ನಿಂತಿತು. ಒಂದೇ ಸಲಕ್ಕೆ ನವಿಲು ಎದ್ದು ಕೊಳಕ್ಕೆ ಹೋಗಿ ಬಗ್ಗಿ ನೋಡಿ, "ಇದ್ದೇನೆ, ಚೆಂದವಾಗಿಯೇ ಇದ್ದೇನೆ!" ಎಂದು ಕೂಗಿತು. ಬಾಗಿಲು ತೆರೆಯಿತು.

ಒಳಗೆ ದೊಡ್ಡ ಹಜಾರ. ನಾಲ್ಕೂ ಗೋಡೆಗಳ ಮೇಲೆ ಜನವೋ ಜನ. ಬಿಂದಿಗೆ ಹೊತ್ತ ಹೆಂಗಸರು, ಚೆಂಡಿಗೆ ಕೈಚಾಚಿದ ಮಕ್ಕಳು, ನಗುತ್ತಾ ನಗುತ್ತಾ ನಿಂತುಹೋದ ಮದುಮಗ. ಎಲ್ಲರೂ ಚಿತ್ರ. ಕೊನೆಯ ಗೋಡೆಯಲ್ಲಿ ಚಿಗರಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಂದು ದಿನವಾದರೂ ಹಾಗೆ ನೆಟ್ಟಗೆ ಕೂತವಳಲ್ಲ.

ನಡುವೆ ಸ್ತಬ್ಧಾಕ್ಷ ಕೂತಿದ್ದ. "ಕದಲುವುದೆಲ್ಲ ಒಂದು ದಿನ ಬಿಟ್ಟು ಹೋಗುತ್ತದೆ ಹುಡುಗೀ. ಕದಲದ್ದು ಮಾತ್ರ ನನ್ನ ಹತ್ತಿರ ಉಳಿಯುತ್ತದೆ. ಇವರನ್ನೆಲ್ಲ ಹಿಡಿದಿಟ್ಟಿರುವುದು ನನ್ನ ಕಣ್ಣು. ಪಡುವಣದ ಕಿಟಕಿಯಲ್ಲಿ ಸೂರ್ಯ ಇರುವವರೆಗೆ ನಿನಗೆ ಗಡುವು. ನಿನ್ನ ತಂಗಿಗೆ ಜೀವ ಬಂತೆಂದು ನಾನೇ ಒಪ್ಪಬೇಕು, ಹಾಗೆ ಅವಳನ್ನು ಕದಲಿಸು. ಆಗಲಿಲ್ಲವೋ, ಅವಳ ಪಕ್ಕದ ಗೋಡೆ ಖಾಲಿ ಇದೆ."

ಚಂದಲೆ ತಂಗಿಯ ಮುಂದೆ ಕೂತಳು. ಇವಳಿಗೆ ಏನು ಬೇಕು? ಕೇಳಬೇಕಾಗಿಯೇ ಇರಲಿಲ್ಲ. ಎದ್ದು ಓಡಬೇಕು! ಏಳುವ ಮೊದಲು ಮೈ ಕುಗ್ಗಿಸಿದಳು, ಕಪ್ಪೆ ಕಲಿಸಿದಂತೆ. ಮೆಲ್ಲಗೆ ಎಬ್ಬಿಸಿ ಬಿರುಸಾಗಿ ಓಡಿಸಿ ಮೆಲ್ಲಗೆ ನಿಲ್ಲಿಸಿದಳು, ಆನೆ ಕಲಿಸಿದಂತೆ. ಎರಡು ಜಡೆಗಳನ್ನೂ ಲಂಗದ ಅಂಚನ್ನೂ ತಡವಾಗಿ ಬರಿಸಿದಳು, ನವಿಲು ಕಲಿಸಿದಂತೆ. ಬರೆದಳು, ಜೋಡಿಸಿದಳು, ಹೆಬ್ಬೆರಳು ಸರಿಸಿದಳು. ಪರ್ರ್!

ಚಿಗರಿ ಗೋಡೆಯಿಂದ ಎದ್ದು ಬಂದಳು! ಓಡಿಬಂದು ಅಕ್ಕನ ಮುಂದೆ ನಿಂತಳು. ಜಡೆಗಳು ಹಿಂದಿನಿಂದ ಬಂದು ಹೆಗಲಿಗೆ ಬಡಿದು ನಿಂತವು.

"ಚಿಗರೀ!" ಚಂದಲೆ ಅವಳ ಕೈ ಹಿಡಿದಳು. ಕೈ ಗೋಡೆಯ ಹಾಗೆ ತಣ್ಣಗಿತ್ತು. ಅಗಲವಾಗಿ ತೆರೆದ ಕಣ್ಣುಗಳು ಅಕ್ಕನನ್ನು ನೋಡಿಯೂ ನೋಡಲಿಲ್ಲ.

"ಒಳ್ಳೆಯ ಗೊಂಬೆ," ಎಂದ ಸ್ತಬ್ಧಾಕ್ಷ. "ಓಡುವ ಗೊಂಬೆ." ಚಿಗರಿ ಹಿಂದಕ್ಕೆ ಸರಿದು ಗೋಡೆ ಸೇರಿದಳು. ಕಿಟಕಿಯಲ್ಲಿ ಸೂರ್ಯನ ಅಂಚು ಮಾತ್ರ ಉಳಿದಿತ್ತು.

"ಅಜ್ಜೀ, ಎಲ್ಲಿ ತಪ್ಪಿದೆ?"

"ನನಗೆ ತಿಳಿದದ್ದೆಲ್ಲ ಹೇಳಿದೆ ಮಗಳೇ. ಇನ್ನೇನು ಕಡಿಮೆಯೋ ನಾ ಕಾಣೆ." ಹಲ್ಲಜ್ಜಿ ದುಃಖದಿಂದ ನಾಲಗೆ ಚಾಚಿ ತನ್ನ ಕಣ್ಣನ್ನೇ ನೆಕ್ಕಿಕೊಂಡಿತು.

ಜೀವ ಹೋಗುವ ಹೊತ್ತಿನಲ್ಲೂ ಚಂದಲೆಗೆ ಕೇಳದೆ ಇರಲಾಗಲಿಲ್ಲ. "ಅಜ್ಜೀ, ಕಣ್ಣನ್ನು ಯಾಕೆ ನೆಕ್ಕುತ್ತೀ?"

"ಧೂಳು ಹೋಗಲಿ ಅಂತ. ನಿಮ್ಮ ಹಾಗೆ ನನಗೆ ರೆಪ್ಪೆ ಎಲ್ಲಿದೆ?"

ಚಂದಲೆ ಹಲ್ಲಿಯ ಕಣ್ಣು ನೋಡಿದಳು. ಮಾಯಾವಿಯ ಕಣ್ಣು ನೋಡಿದಳು. ಓಲೆಯಲ್ಲಿ ತಾನು ಬರೆದ ತಂಗಿಯ ಕಣ್ಣು ನೋಡಿದಳು. ಮೂರೂ ಒಂದೇ. 'ಕಣ್ಣು ಮಿಟುಕಿಸಬೇಡ ಅಂದೆನಲ್ಲ' ಎಂದು ತಾನೇ ಗದರಿದ್ದು ನೆನಪಾಯಿತು.

ಕಂಟ ಎತ್ತಿಕೊಂಡಳು. ತಂಗಿಯ ಮುಖ ಬರೆದು ಅದರ ಮೇಲೆ ಮುಚ್ಚಿದ ಕಣ್ಣು ಬರೆಯಬೇಕು. ಹಾಗೆ ಬರೆದದ್ದು ಅಮ್ಮನಿಗೆ ಮಾತ್ರ, ಅಮ್ಮ ಮತ್ತೆ ತೆರೆಯಲಿಲ್ಲ. ಇವಳೂ ತೆರೆಯದಿದ್ದರೆ? ಆದರೆ ಚಲನೆ ಇರುವುದು ಒಂದು ಓಲೆಯಲ್ಲಲ್ಲ, ಓಲೆಗೂ ಓಲೆಗೂ ನಡುವೆ. ಮುಚ್ಚಿದ ಕಣ್ಣಿನ ಆಚೆ ಇನ್ನೊಂದು ಓಲೆ ಇದ್ದರೆ ಅದು ಸಾವಲ್ಲ. ಮೊದಲಿನ ಓಲೆಗಳ ಕೊನೆಗೆ ಸೇರಿಸಲೆಂದು ಅಳುತ್ತಲೇ ಬರೆದಳು. ಅರೆಮುಚ್ಚಿದ ಕಣ್ಣು, ಮುಚ್ಚಿದ ಕಣ್ಣು, ಅರೆತೆರೆದ ಕಣ್ಣು, ತೆರೆದ ಕಣ್ಣು. ಜೋಡಿಸಿದಳು. ಹೆಬ್ಬೆರಳು ಸರಿಸಿದಳು.

ಪರ್ರ್!

ಚಿಗರಿ ಎದ್ದು ಬಂದಳು. ಅಕ್ಕನ ಮುಂದೆ ನಿಂತಳು. ರೆಪ್ಪೆ ಬಡಿದಳು.

"ಅಕ್ಕಾ, ಇನ್ನೂ ಎಷ್ಟು ಹೊತ್ತು ಕೂತಿರಬೇಕು?"

ಸ್ತಬ್ಧಾಕ್ಷ ಮುಂದಕ್ಕೆ ಬಗ್ಗಿ ನೋಡಿದ. ಚಿಗರಿ ಅವನನ್ನು ನೋಡಿ ಮತ್ತೆ ರೆಪ್ಪೆ ಬಡಿದಳು. ಆಕಳಿಕೆ ಅಂಟುವ ಹಾಗೆ ಅದೂ ಅಂಟುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಕಣ್ಣು ಉರಿಯಿತು, ತುಂಬಿತು, ಹುಟ್ಟಿದಾಗಿನಿಂದ ಮೊದಲ ಸಲ ಮುಚ್ಚಿತು.

ಹಿಡಿದಿಟ್ಟ ಕಣ್ಣೇ ಮುಚ್ಚಿದ ಮೇಲೆ ಹಿಡಿತ ಎಲ್ಲಿಯದು? ಗೋಡೆಗಳಿಂದ ಜನ ದಬದಬ ಇಳಿದರು. ಬಿಂದಿಗೆಯ ನೀರು ತುಳುಕಿತು. ಚೆಂಡು ಮಕ್ಕಳ ಕೈಗೆ ಬಂತು. ಮದುಮಗ ಅರ್ಧಕ್ಕೆ ನಿಂತಿದ್ದ ನಗುವನ್ನು ಮುಗಿಸಿದ. ಸ್ತಬ್ಧಾಕ್ಷ ಮಾತ್ರ ಕೂತಲ್ಲೇ ಪಟಪಟನೆ ರೆಪ್ಪೆ ಬಡಿಯುತ್ತಲೇ ಇದ್ದ. ಒಂದು ಜನ್ಮದ ಬಾಕಿಯೆಲ್ಲ ಒಟ್ಟಿಗೇ ಬಂದಿತ್ತು. ಇನ್ನು ಅವನು ನೊಣವನ್ನೂ ದಿಟ್ಟಿಸಿ ನಿಲ್ಲಿಸಲಾರ.

"ಎಲ್ಲ ಹೊರಟುಹೋದರಲ್ಲ," ಎಂದು ಅವನು ಬಿಕ್ಕಿದ. ಚಂದಲೆಗೆ ಅವನ ಮೇಲೆ ಕೋಪವೂ ಬಂತು, ಪಾಪ ಎಂದೂ ಅನ್ನಿಸಿತು. ನವಿಲಿನ ಓಲೆಗಳ ಕಟ್ಟನ್ನು ಅವನ ಕೈಗಿಟ್ಟಳು. "ತಗೋ. ಇದು ಎಷ್ಟು ಸಲ ಹೋದರೂ ನೀನು ಹೆಬ್ಬೆರಳು ಸರಿಸಿದರೆ ಮತ್ತೆ ಬರುತ್ತೆ." ಅವನು ಸರಿಸಿ ನೋಡಿದ. ಮತ್ತೆ ಸರಿಸಿದ. ಆಮೇಲೆ ಅದನ್ನು ಬಿಟ್ಟು ಏಳಲೇ ಇಲ್ಲವಂತೆ.

ಹಲ್ಲಜ್ಜಿಗೆ ಹೊಸ ಬಾಲ ಚಿಗುರಿತು. ಬಣ್ಣದೂರಿನ ಮನೆಮನೆಯಲ್ಲೂ ಗೋಡೆಯ ಚಿತ್ರಗಳ ಪಕ್ಕದಲ್ಲಿ ಓಡುವ ಓಲೆಗಳ ಕಟ್ಟೊಂದು ತೂಗುಬಿತ್ತು. ಚಂದಲೆಯ ಹತ್ತಿರ ಕಲಿಯಲು ಬಂದವರಿಗೆ ಮೊದಲ ದಿನ ಓಲೆ ಕೊಡುತ್ತಿರಲಿಲ್ಲ. ಊರ ಕೆರೆಯ ದಡದಲ್ಲಿ ಕಪ್ಪೆ ನೋಡಲು ಕೂರಿಸುತ್ತಿದ್ದಳು. ಎರಡನೆಯ ದಿನ ಚಿಗರಿಯನ್ನು ನಡುವೆ ಬಿಡುತ್ತಿದ್ದಳು.

"ಅಲ್ಲಾಡು ಕಣೇ," ಎನ್ನುತ್ತಿದ್ದಳು. "ಎಷ್ಟು ಬೇಕಾದರೂ ಅಲ್ಲಾಡು."

ಅವರು ಅಲ್ಲಿ ಕುಣಿದಾಡಿಕೊಂಡು ಸುಖವಾಗಿದ್ದಾರೆ. ನಾವು ಇಲ್ಲಿ ರೆಪ್ಪೆ ಬಡಿದುಕೊಂಡು ಸುಖವಾಗಿದ್ದೇವೆ.